ನೆರೆ ಗ್ರಾಮಗಳಿಗೆ ಮಾತ್ರ

ಒಂದೇ ಪುಟ, ಒಂದೇ ಹೊತ್ತು. ಆದರೆ ಗುಡ್ಡದ ಮೇಲೆ ನಿಂತವನ ಫೋನಿನಲ್ಲಿ ಒಂದು ಕಾಣುತ್ತದೆ, ಹೊಳೆದಂಡೆಯಲ್ಲಿ ನಿಂತವನ ಫೋನಿನಲ್ಲಿ ಇನ್ನೊಂದು. ಹೀಗೆ ಹೇಳಿದರೆ ನಮ್ಮ ಅಜ್ಜಂದಿರು, ಮೊದಲು ಹೋಗಿ ಕಣ್ಣು ತೋರಿಸಿಕೊಂಡು ಬಾ ಅನ್ನುತ್ತಿದ್ದರು. ಈಗ ಯಾರೂ ಹಾಗನ್ನುವುದಿಲ್ಲ. ಜರಡಿ ಕಾಯ್ದೆ ಬಂದು ಹನ್ನೊಂದು ವರ್ಷವಾಯಿತು. ಮಗನ ಪರೀಕ್ಷೆಯ ಫಲಿತಾಂಶ ನೋಡಲು ಜನ ಪಕ್ಕದ ತಾಲ್ಲೂಕಿಗೆ ಬಸ್ಸು ಹತ್ತುತ್ತಾರೆ. ಕನ್ಯೆ ನೋಡಲು ಹೋದವರು ಚಹಾ ಕುಡಿಯುವ ಮೊದಲೇ, "ನಿಮ್ಮ ಮನಿ ಯಾವ ಜರಡ್ಯಾಗ ಬರ್ತೈತ್ರಿ?" ಎಂದು ಕೇಳುತ್ತಾರೆ. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ ನೋಡಿ, ಅದೇ ಅವನ ಶಕ್ತಿ, ಅದೇ ಅವನ ಕರ್ಮ.

ಜರಡಿಯ ಲೆಕ್ಕ ಸರಳ. ಕಾಗದಕ್ಕೆ ಪಿನ್‌ಕೋಡ್ ಇದ್ದಂತೆ, ಜಾಲಕ್ಕೆ ಬರುವ ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಇರುತ್ತದೆ, ಅಂಕಿಗಳ ಒಂದು ಸಾಲು. ಯಾವ ಊರಿನ ಮೊಬೈಲ್ ಗೋಪುರದಿಂದ ಬಂದಿರಿ ಎಂಬುದು ಆ ಅಂಕಿಗಳಲ್ಲೇ ತಿಳಿಯುತ್ತದೆ. ಪುಟದ ಬಾಗಿಲಲ್ಲಿ ನಿಂತ ಯಂತ್ರ ಅಂಕಿ ನೋಡುತ್ತದೆ. ಪಟ್ಟಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇಷ್ಟು ನಮ್ಮ ಅಪ್ಪಂದಿರ ಕಾಲದಲ್ಲೂ ಇತ್ತು. ಕಾಯ್ದೆ ಸೇರಿಸಿದ್ದು ಒಂದೇ ಒಂದು ಮಾತು: ಹೊರಗೆ ಉಳಿದವನಿಗೆ ತಾನು ಹೊರಗೆ ಉಳಿದಿದ್ದೇನೆ ಎಂದು ಗೊತ್ತಾಗಬಾರದು. ಅವನಿಗೂ ಒಂದು ಪುಟ ತೆರೆಯಬೇಕು, ಬೇರೆಯದು.

ಹೊಳೆ ನಿಗಾ ಕೇಂದ್ರದ ವಾರಿಜಾ ಈ ಮಾತನ್ನು ಚೆನ್ನಾಗಿ ಬಳಸಿಕೊಂಡ ಹೆಂಗಸು. ಮೂರು ವರ್ಷದ ಹಿಂದೆ ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಾಗ, ಕೇಂದ್ರದ ಪುಟವನ್ನು ಇಡೀ ರಾಜ್ಯ ಒಮ್ಮೆಗೇ ತೆರೆದು ಪುಟ ಕುಸಿದಿತ್ತು. ಅಷ್ಟು ಸಾಲದೆಂದು ದೂರದೂರದಿಂದ ಜನ ಕಾರು ಮಾಡಿಕೊಂಡು ನೀರು ನೋಡಲು ಬಂದರು. ಸೇತುವೆಯ ಮೇಲೆ ಗಾಡಿಗಳು ಜಾಮಾಗಿ, ಹೆರಿಗೆಗೆ ಹೊರಟಿದ್ದ ಒಬ್ಬ ಬಸುರಿ ಅಲ್ಲೇ ಜೀವ ಬಿಟ್ಟಳು. ಅದನ್ನು ಕಣ್ಣಾರೆ ಕಂಡ ವಾರಿಜಾ ಒಂದು ಉಪಾಯ ಬರೆದುಕೊಟ್ಟಳು. ನೀರು ಬರುವ ಹಳ್ಳಿಗಳಿಗೆ ಮಾತ್ರ ಇಂದಿನ ಪುಟ. ಉಳಿದವರಿಗೆಲ್ಲ ನಿನ್ನೆಯ ಪುಟ, ಅದರ ಮೇಲೆ ಇಂದಿನ ತಾರೀಖು. ಮೇಲಿನವರು ಆಹಾ ಎಂದರು, ಶಾಲು ಹೊದಿಸಿದರು. ಪುಟ ಇದೆಯಲ್ಲ ಎಂದು ದಂಡೆಯ ಊರುಗಳ ಸೈರನ್ನುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು.

ವಾರಿಜಾ ಹುಟ್ಟಿದ್ದು ಉಪ್ಪಿನಂಗಡಿಯಲ್ಲಿ, ಎರಡು ಹೊಳೆ ಕೂಡುವಲ್ಲಿ. ಕೆಲಸ ಸಿಕ್ಕಿದ್ದು ಬಾಗಲಕೋಟೆ ಸೀಮೆಯಲ್ಲಿ. ಮದುವೆಯಾದದ್ದು ಅಲ್ಲಿಯ ಬಸ್ ಚಾಲಕ ಸಂಗನಬಸವನನ್ನು. ಹನ್ನೆರಡು ವರ್ಷದಲ್ಲಿ ಆಕೆ ಗಂಡನ ಮನೆಯ ಮಾತನ್ನು ಎಷ್ಟು ಚೊಕ್ಕಟವಾಗಿ ಕಲಿತಿದ್ದಳೆಂದರೆ, ತರಕಾರಿಯವರು ಚೌಕಾಸಿಗೆ ಹೆದರುತ್ತಿದ್ದರು. ಬರೆಯುವಾಗ ಮಾತ್ರ ಕೈ ತವರಿನದೇ.

ಆ ದಿನ ನಾಗರಪಂಚಮಿ. ಬೆಳಿಗ್ಗೆ ಹನ್ನೊಂದಕ್ಕೆ ಆಣೆಕಟ್ಟಿನಿಂದ ಸಂದೇಶ ಬಂತು: ಹನ್ನೆರಡಕ್ಕೆ ಮೂರು ಲಕ್ಷ ಕ್ಯೂಸೆಕ್ ಬಿಡುತ್ತೇವೆ. ನೀರು ಕೋಡಿಹಾಳ ಮುಟ್ಟುವುದು ಎರಡೂ ನಲವತ್ತಕ್ಕೆ. ಕೋಡಿಹಾಳ ಎಂಬ ಹೆಸರನ್ನು ವಾರಿಜಾ ಎರಡು ಸಲ ಓದಿದಳು. ಒಂಬತ್ತು ವರ್ಷದ ಮಗಳು ಬಿಲ್ವಾ ನಾದಿನಿ ಕಸ್ತೂರಿಯ ಜೊತೆ ಜೋಕಾಲಿ ಆಡಲು ಅದೇ ಊರಿಗೆ ಹೋಗಿದ್ದಳು. ಫೋನ್ ಎತ್ತಿಕೊಂಡವಳು ಕೆಳಗಿಟ್ಟಳು. ಪುಟ ಇದೆಯಲ್ಲ. ಊರಿಗೆಲ್ಲ ಪುಟ ನೋಡಿ ಎಂದು ಹೇಳಿ ತನ್ನ ಮನೆಯವರಿಗೆ ಮಾತ್ರ ಫೋನ್ ಮಾಡುವುದೇ, ಛೆ.

ಹಿಂದೆಲ್ಲ ಊರುಗಳ ವಿಳಾಸವನ್ನು ಕೈಯಾರೆ ತುಂಬಬೇಕಿತ್ತು. ಈ ಮಳೆಗಾಲದಿಂದ ಹೊಸ ಯಂತ್ರ. ಕನ್ನಡದಲ್ಲಿ ಒಂದು ಸಾಲು ಆದೇಶ ಬರೆದರೆ ಸಾಕು, ಅದೇ ಓದಿಕೊಂಡು, ಅದೇ ಪಟ್ಟಿ ಮಾಡಿಕೊಂಡು ಬಾಗಿಲು ಕಾಯುತ್ತಿತ್ತು. ಕೇಂದ್ರದಲ್ಲಿ ಅದಕ್ಕೆ ಬಾಗಲಪ್ಪ ಎಂದು ಹೆಸರಿಟ್ಟಿದ್ದರು. ಜೂನ್ ತಿಂಗಳ ಪರೀಕ್ಷೆಯಲ್ಲಿ ಹಿರಿಯ ನಿರ್ವಾಹಕ ಗುರುಪಾದಪ್ಪ ಆದೇಶ ಬರೆದಿದ್ದ, ಕೂದಲೆಳೆಯೂ ತಪ್ಪಿರಲಿಲ್ಲ. ಇವತ್ತು ಗುರುಪಾದಪ್ಪ ಆಣೆಕಟ್ಟಿನವರ ಜೊತೆ ಫೋನಿನಲ್ಲಿದ್ದ. ವಾರಿಜಾ ತಾನೇ ಕುಳಿತು ಬರೆದಳು:

ಹೊಳೆದಂಡೆ ಪಟ್ಟಿಯ ನೆರೆ ಗ್ರಾಮಗಳಿಗೆ ಮಾತ್ರ ಇಂದಿನ ಪುಟ ತೆರೆಯತಕ್ಕದ್ದು. ಉಳಿದವರಿಗೆ ನಿನ್ನೆಯ ಪುಟ.

ಬಾಗಲಪ್ಪ ಕೇಳಿದ: ನೆರೆ ಗ್ರಾಮಗಳು ಅರವತ್ತಮೂರು. ಸರಿಯೇ?

ದಂಡೆಯ ಊರುಗಳು ನಲವತ್ತೊಂದು. ಅರವತ್ತಮೂರು ಎಲ್ಲಿಂದ ಬಂತು ಎಂದು ಆಕೆಗೆ ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಹೊಸ ಯಂತ್ರ, ಓಣಿ ಕೇರಿಗಳನ್ನೂ ಸೇರಿಸಿ ಎಣಿಸಿರಬೇಕು ಎಂದುಕೊಂಡಳು. ಸರಿ ಎಂದು ಒತ್ತಿದಳು. ಪಟ್ಟಿ ಎಲ್ಲ ಗೋಪುರಗಳಿಗೂ ಮುಟ್ಟಲು ನಲವತ್ತು ನಿಮಿಷ ಹಿಡಿಯಿತು.

"ಮುಗೀತೇನ್ರಿ ಮೇಡಂ?" ಎಂದ ಗುರುಪಾದಪ್ಪ.

"ಮುಗೀತ್ರಿ. ಜನ ಆಗಲೇ ನೋಡಾಕತ್ತಾರ. ಎರಡು ಸಾವಿರ ಮಂದಿ."

"ಭಲೆ! ಹಂಗಾದ್ರ ಮನಿಗೆ ಹೋಗಿ ಒಂದೀಟು ಕಡಬು ತಿಂದು ಬರ್ರಿ. ನಿಮ್ಮ ಅತ್ತಿಯವರು ಆಗ್ಲೇ ಎರಡು ಸಲ ಫೋನ್ ಮಾಡಿದ್ರು, ನನಗ ಬೈದ್ರು."

ಮನೆ ಗುಡ್ಡದ ಮೇಲಿನ ಬಡಾವಣೆಯಲ್ಲಿತ್ತು, ಸ್ಕೂಟರಿನಲ್ಲಿ ಐದೇ ನಿಮಿಷ. ಅಲ್ಲಿಗೆ ಹೊಳೆ ಹತ್ತಿ ಬರಬೇಕಾದರೆ ಪ್ರಳಯವೇ ಆಗಬೇಕು. ಅತ್ತೆ ಬಸಲಿಂಗವ್ವ ತಟ್ಟೆಗೆ ಕಡಬು, ಉಸುಳಿ ಬಡಿಸಿ, ಮೇಲೆ ತುಪ್ಪ ಸುರಿದು, ಎದುರಿಗೆ ಗೋಡೆಗೊರಗಿ ಕುಳಿತರು. ಒಂದು ಕೈಯಲ್ಲಿ ಫೋನು.

"ಯವ್ವಾ, ಈ ಸಲ ನೀರು ಭಾಳ ಬಿಟ್ಟಾರಲ್ಲ. ಮೂರು ಲಕ್ಷ ಅಂತ!"

ವಾರಿಜಾ ಕಡಬು ಮುರಿಯುತ್ತಿದ್ದಳು. "ಯಾರು ಹೇಳಿದ್ರು ಅತ್ತಿ?"

"ಯಾರು ಹೇಳ್ತಾರ? ನಿನ್ನ ಪುಟಾನ ಹೇಳ್ತು. ನೋಡಿಲ್ಲಿ, ಕೆಂಪು ಅಕ್ಷರದಾಗ ಬರದೈತಿ. ಎರಡು ನಲವತ್ತಕ್ಕ ಕೋಡಿಹಾಳ. ನಮ್ಮ ಕಸ್ತೂರಿನೂ ನೋಡಿ ದಂಡಿ ಬಿಟ್ಟಿರ್ತಾಳ. ಬಾಜೂ ಮನಿ ಮಾಸ್ತರು ಆಗ್ಲೇ ಕಾರು ತಗೊಂಡು ನೋಡಾಕ ಹೋದ್ರು."

ತುತ್ತು ಬಾಯಿಯ ಹತ್ತಿರವೇ ನಿಂತಿತು. ವಾರಿಜಾ ಅತ್ತೆಯ ಕೈಯಿಂದ ಫೋನು ಕಿತ್ತುಕೊಂಡಳು. ಇಂದಿನ ಪುಟವೇ. ಈ ಮನೆಗೆ, ಈ ಒಣ ಗುಡ್ಡಕ್ಕೆ ತೆರೆಯಲೇಬಾರದಾಗಿದ್ದ ಪುಟ.

ನೋಡಬಾರದವರಿಗೆ ತೆರೆದಿದೆ. ಹಾಗಾದರೆ ನೋಡಬೇಕಾದವರಿಗೆ ಏನು ತೆರೆದಿದೆ?

ಎಂಜಲು ಕೈಯಲ್ಲೇ ಕಸ್ತೂರಿಗೆ ಫೋನ್ ಮಾಡಿದಳು. ಅತ್ತ ಕಡೆ ಹೆಂಗಸರ ನಗು, ಹಾಡು, ಹಗ್ಗದ ಕಿರ್ರ್ ಸದ್ದು, ಅದರ ಹಿಂದೆ ನೀರಿನ ಸಪ್ಪಳ.

"ಕಸ್ತೂರಿ, ಎಲ್ಲಿ ಇದ್ದೀರಿ ನೀವು?"

"ಗಡ್ಡ್ಯಾಗ್ರಿ ವೈನಿ! ನಡುಗಡ್ಡಿಯ ಬಸರಿಗಿಡಕ್ಕ ಜೋಕಾಲಿ ಕಟ್ಟೇವಿ. ಮೂವತ್ನಾಕು ಮಂದಿ ಬಂದೇವಿ. ಹೊಳಿ ಶಾಂತ ಐತಿ ಅಂತ ಪುಟದಾಗ ನೋಡೇ ಬಂದೇವ್ರಿ. ನಿಮ್ಮ ಬಿಲ್ವಾ ಜೋಕಾಲಿ ಬಿಟ್ಟು ಇಳೀವಲ್ಲಳು."

ನಡುಗಡ್ಡೆ! ಮೂರು ಕಡೆ ಅಲ್ಲ, ನಾಲ್ಕೂ ಕಡೆ ನೀರು. ದಂಡೆಗೆ ಬರಲು ಎರಡು ಹರಗೋಲು, ಒಂದೊಂದರಲ್ಲಿ ಆರೇಳು ಜನ. ವಾರಿಜಾಳ ಎದೆಯೊಳಗಿನಿಂದ ಮಾತು ಹೊರಟಿತು. ಹನ್ನೆರಡು ವರ್ಷ ಕಲಿತದ್ದೆಲ್ಲ ಎಲ್ಲೋ ಹೋಯಿತು.

"ನೆರೆ ಬರ್ತಾ ಉಂಟು ಮಾರಾಯ್ತಿ! ಬೇಗ ಏಳಿ ಅಲ್ಲಿಂದ! ನೆರೆ!"

"ಯಾರ್ರಿ? ನೆರಿಯವ್ರು ಬರಾಕತ್ತಾರಾ? ಬರ್ಲಿ ತಗೋರಿ, ಉಂಡಿ ಡಬ್ಬಿ ತುಂಬ ಅದಾವ."

ವಾರಿಜಾಳಿಗೆ ಆಗ ತಿಳಿಯಿತು. ನೆರೆಯವರು. ಪಕ್ಕದವರು. ಅರವತ್ತಮೂರು ನೆರೆ ಗ್ರಾಮಗಳು. ದೇವರೇ, ಬಾಗಲಪ್ಪ ಅದನ್ನು ಓದಿದ್ದೂ ಹೀಗೆಯೇ! ನೀರು ನುಗ್ಗುವ ನಲವತ್ತೊಂದು ಊರುಗಳನ್ನು ಬಿಟ್ಟು, ಅವುಗಳ ಅಕ್ಕಪಕ್ಕದ ಅರವತ್ತಮೂರು ಒಣ ಊರುಗಳಿಗೆ ಬಾಗಿಲು ತೆಗೆದಿದ್ದಾನೆ. ಆಕೆ ಹುಟ್ಟಿದಲ್ಲಿ ಮಳೆಗಾಲ ಬಂತೆಂದರೆ ಮಕ್ಕಳ ಬಾಯಲ್ಲೂ ಇದ್ದ ಮಾತು ಅದು. ಅದಕ್ಕೆ ಇನ್ನೊಂದು ಅರ್ಥ ಇದೆ ಎಂಬುದು ಗೊತ್ತಿಲ್ಲದ್ದೇನಲ್ಲ, ಆದರೆ ಬರೆಯುವಾಗ ನೆನಪಿಗೆ ಬರಲಿಲ್ಲ.

"ನೀರು ಕಸ್ತೂರಿ, ನೀರು! ಹೊಳೆ ಏರ್ತಾ ಉಂಟು!"

ಕಸ್ತೂರಿಯ ದನಿ ಬದಲಾಯಿತು. "ಒಂದ್ ನಿಮಿಷ. ಯಾರು ನೀವು? ನಮ್ಮ ವೈನಿ ಹಿಂಗ ಮಾತಾಡಂಗಿಲ್ಲ."

"ನಾನೇ ಮಾರಾಯ್ತಿ... ನಾನ ಅದೇನವಾ, ವಾರಿಜಾ! ಹೊಳಿ ಪೂರ ಬರಾಕತ್ತೈತಿ!"

"ನೋಡ್ರಿ, ನೋಡ್ರಿ, ಭಾಷಾನ ಬದಲಿ ಮಾಡಿದ್ರು!" ಕಸ್ತೂರಿ ಯಾರಿಗೋ ಹೇಳುತ್ತಿದ್ದಳು. ಆಮೇಲೆ ಫೋನಿಗೆ ಬಾಯಿ ಹಚ್ಚಿ ಒದರಿದಳು. "ನಮ್ಮ ವೈನಿ ದನಿ ಕದ್ದೀರಲ್ಲೋ, ನಾಚಿಕಿ ಆಗೂದಿಲ್ಲ? ಹಬ್ಬದ ದಿನ! ಹೋದ ವರ್ಷ ಹಿಂಗ ಓಡಿಸಿ ಮನಿ ದೋಚಿದ್ರಿ. ಪುಟ ನೋಡೇನಿ ನಾ, ಶಾಂತ ಐತಿ. ಇಡು ಫೋನು!"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ, ಕಸ್ತೂರಿ ತಡೆದುಬಿಟ್ಟಿದ್ದಳು. ಆಕೆಯದೂ ತಪ್ಪಲ್ಲ. ಹೋದ ವರ್ಷ ದನಿಕಳ್ಳರು ಯಂತ್ರದಿಂದ ಅಧಿಕಾರಿಗಳ ದನಿ ಮಾಡಿ, ಆಣೆಕಟ್ಟು ಒಡೆಯಿತು ಎಂದು ಸಾರಿ, ಜನ ಓಡಿದ ಮೇಲೆ ಮೂರು ಊರುಗಳ ಮನೆಗಳನ್ನು ಗುಡಿಸಿ ಹೋಗಿದ್ದರು. ಅಂದಿನಿಂದ ಕೇಂದ್ರದವರು ದಂಡೆಯ ಎಲ್ಲ ಫೋನುಗಳಿಗೂ ಒಂದು ದನಿ ಸಂದೇಶ ಕಳಿಸುತ್ತಿದ್ದರು: ಯಾರೇ ಫೋನ್ ಮಾಡಿ ನೀರು ಬಂತೆಂದರೂ ನಂಬಬೇಡಿ, ನನ್ನ ದನಿಯಲ್ಲೇ ಹೇಳಿದರೂ ನಂಬಬೇಡಿ, ಪುಟ ನೋಡಿ. ಆ ದನಿ ವಾರಿಜಾಳದೇ.

"ಯಾಕ ಯವ್ವಾ? ಏನಾತು?" ಬಸಲಿಂಗವ್ವ ಎದ್ದು ನಿಂತಿದ್ದರು.

"ಬಿಲ್ವಾ ನಡುಗಡ್ಡ್ಯಾಗ ಅದಾಳ ಅತ್ತಿ," ಎಂದಷ್ಟೇ ಹೇಳಿ ವಾರಿಜಾ ಸ್ಕೂಟರಿಗೆ ಓಡಿದಳು. ಬಸಲಿಂಗವ್ವನ ಬಾಯಿಂದ ಬಂದ ಕೂಗು ಓಣಿಯ ತುದಿಯವರೆಗೂ ಕೇಳಿಸಿತು.

ಕೇಂದ್ರಕ್ಕೆ ಬಂದು ನಡುಗಡ್ಡೆಯ ಸಂಗತಿ ಹೇಳಿದಾಗ ಒಂದೂ ನಲವತ್ತೈದು. ಗುರುಪಾದಪ್ಪ ಆದೇಶದ ಸಾಲನ್ನು ಒಮ್ಮೆ ಓದಿದ, ಎರಡು ಸಲ ಓದಿದ. "ಅಯ್ಯಯ್ಯೋ ಮೇಡಂ, ನೆರೆ ಅಂತ ಬರದೀರಲ್ಲ! ಪೂರ ಅನಬಾರ್ದಾ, ಮಹಾಪೂರ ಅಂತ! ನಮ್ಮ ಕಡೆ ಮಂದಿ ಬರದ ಕಾಗದ ಓದಿಸಿ ಕಲಿಸ್ಯಾರ ಇದಕ್ಕ."

"ಗೊತ್ತಾತ್ರಿ. ಈಗ ತಿದ್ದೋಣ."

"ತಿದ್ದಿದ್ರ ಹೊಸ ಪಟ್ಟಿ ಎಲ್ಲಾ ಗೋಪುರಕ್ಕೂ ಮುಟ್ಟಾಕ ನಲವತ್ತು ನಿಮಿಷ ಬೇಕು. ಎರಡು ಇಪ್ಪತ್ತೈದು ಆಗ್ತೈತಿ. ಹರಗೋಲು ಮೂರು ಸಲ ತಿರಗಬೇಕಲ್ರಿ." ಮಾತಾಡುತ್ತಲೇ ಅವನು ಕೋಡಿಹಾಳದ ಪಂಚಾಯ್ತಿಗೆ ಫೋನ್ ಹಚ್ಚಿದ್ದ. ರಜೆಯ ದಿನ, ಕೊನೆಗೆ ಯಾವನೋ ಗುಮಾಸ್ತ ಮನೆಯಿಂದ ಎತ್ತಿಕೊಂಡ. ಪುಟ ತೆಗೆದು ನೋಡಿ, "ಏನೂ ಇಲ್ಲಲ್ರಿ, ಶಾಂತ ಐತಿ. ಯಾರ್ರಿ ನೀವು ನಮಗ ಆಟ ಆಡಸಾವ್ರು?" ಎಂದು ಇಟ್ಟುಬಿಟ್ಟ. ಪೊಲೀಸ್ ಜೀಪು ಹೊರಟಿತು, ಆದರೆ ಸೇತುವೆಯ ಮೇಲೆ ನೀರು ನೋಡಲು ಬಂದವರ ಕಾರುಗಳು ಆಗಲೇ ಸಾಲುಗಟ್ಟಿದ್ದವು. ಅರವತ್ತಮೂರು ಊರಿನವರಿಗೆ ಕೇಂದ್ರವೇ ಕರೆದು ತೋರಿಸಿತ್ತಲ್ಲ!

ವಾರಿಜಾ ಪರದೆಯ ಮುಂದೆ ನಿಂತೇ ಇದ್ದಳು. ಕುಳಿತರೆ ಏಳಲಾಗುವುದಿಲ್ಲ ಅನ್ನಿಸಿತ್ತು. ಪಟ್ಟಿ ಬದಲಾಯಿಸಲು ನಲವತ್ತು ನಿಮಿಷ. ಪಟ್ಟಿಯನ್ನೇ ತೆಗೆದುಹಾಕಿದರೆ? ಬಾಗಲಪ್ಪನನ್ನು ಬಾಗಿಲಿನಿಂದಲೇ ಎಬ್ಬಿಸಿದರೆ ಯಾವ ಗೋಪುರಕ್ಕೂ ಏನೂ ಮುಟ್ಟಬೇಕಿಲ್ಲ, ಆ ಕ್ಷಣವೇ ಎಲ್ಲರಿಗೂ ಎಲ್ಲ ತೆರೆಯುತ್ತದೆ.

"ಮೇಡಂ, ಬ್ಯಾಡ್ರಿ," ಎಂದ ಗುರುಪಾದಪ್ಪ, ಆಕೆಯ ಕೈ ನೋಡಿ. "ಕಾಯ್ದೆ ಪ್ರಕಾರ ಜೈಲು. ಮ್ಯಾಲ ಪುಟ ಐದು ನಿಮಿಷ ಉಳಿಯೂದಿಲ್ಲ. ಹಬ್ಬದ ದಿನ, ರಾಜ್ಯದ ಮಂದಿ ಎಲ್ಲಾ ಫೋನ್ ಹಿಡಕೊಂಡು ಕುಂತಿರ್ತಾರ."

"ಐದು ನಿಮಿಷ ಸಾಕ್ರಿ. ಆ ಐದು ನಿಮಿಷದಾಗ ಕಸ್ತೂರಿ ಒಂದು ಸಲ ನೋಡಿದ್ರ ಸಾಕು."

ಒಂದೂ ಐವತ್ತಕ್ಕೆ ವಾರಿಜಾ ಜರಡಿ ಕಿತ್ತಳು. ಮೂರು ವರ್ಷದಲ್ಲಿ ಮೊದಲ ಸಲ ಕೇಂದ್ರದ ಪುಟ ಕಂಡವರಿಗೆಲ್ಲ ಒಂದೇ ಥರ ಕಂಡಿತು. ನೋಡುಗರ ಸಂಖ್ಯೆ ಇಪ್ಪತ್ತು ಸಾವಿರವಾಯಿತು, ಲಕ್ಷವಾಯಿತು, ನಾಲ್ಕು ಲಕ್ಷವಾಯಿತು. ಅದರಲ್ಲಿ ಕೋಡಿಹಾಳದ ಗೋಪುರದಿಂದ ಎಷ್ಟು ಎಂದು ಆಕೆ ಹುಡುಕಿದಳು. ಒಂದೂ ಇಲ್ಲ. ಬೆಳಿಗ್ಗೆಯೇ ನೋಡಿ ನಂಬಿದವರು ಮತ್ತೆ ಯಾಕೆ ನೋಡುತ್ತಾರೆ? ನೋಡೇ ಕಸ್ತೂರಿ, ನೋಡೇ, ಎಂದು ವಾರಿಜಾ ಬಾಯಿಬಿಟ್ಟು ಕೂಗಿದಳು. ಇಡೀ ಕೋಣೆ ಆಕೆಯತ್ತ ತಿರುಗಿತು.

ಒಂದೂ ಐವತ್ತನಾಲ್ಕಕ್ಕೆ ಪುಟ ಕುಸಿಯಿತು.

ಎಲ್ಲ ಫೋನುಗಳಲ್ಲೂ ಬರೀ ಬಿಳಿ. ಕೆಂಪು ಅಕ್ಷರವೂ ಇಲ್ಲ, ಶಾಂತ ಹೊಳೆಯೂ ಇಲ್ಲ. ಪುಟವನ್ನು ಮತ್ತೆ ತೆರೆಯಲು ನೋಡಿದರು, ಎರಡು ಸಲ ನೋಡಿದರು, ಆಗಲಿಲ್ಲ. ಗುರುಪಾದಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ವಾರಿಜಾ ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೊಳೆಯ ಕಡೆಗೆ ಗಾಡಿ ಬಿಟ್ಟಳು. ಕಾರುಗಳ ಸಂದಿಯಲ್ಲಿ, ಹೊಲದ ಬದುವಿನ ಮೇಲೆ, ಎರಡು ಸಲ ಬಿದ್ದು ಎದ್ದು, ಕೋಡಿಹಾಳ ಮುಟ್ಟುವಷ್ಟರಲ್ಲಿ ಮೂರು ಗಂಟೆ. ಹೊಳೆ ದಂಡೆ ಮೀರಿ ಹರಿಯುತ್ತಿತ್ತು, ಕೆಂಪಗೆ, ದಪ್ಪಗೆ. ನಡುಗಡ್ಡೆ ಇದ್ದ ಜಾಗದಲ್ಲಿ ನೀರು. ಬಸರಿಗಿಡದ ತುದಿಯೂ ಕಾಣಲಿಲ್ಲ.

"ವೈನೀ!"

ಕೂಗು ಬಂದದ್ದು ಹಿಂದಿನಿಂದ, ದಿಬ್ಬದ ಮೇಲಿನ ಶಾಲೆಯಿಂದ. ಕಸ್ತೂರಿ ಒದ್ದೆ ಸೀರೆಯಲ್ಲಿ ಓಡಿಬಂದು ಆಕೆಯ ಕೊರಳಿಗೆ ಬಿದ್ದಳು. ಕಸ್ತೂರಿಯ ಹಿಂದೆ ಶಾಲೆಯ ಕಟ್ಟೆಯ ತುಂಬ ಹೆಂಗಸರು, ಮಕ್ಕಳು. ವಾರಿಜಾ ಹುಚ್ಚಿಯಂತೆ ಎಣಿಸಿದಳು. ಮೂವತ್ನಾಲ್ಕು.

"ಹೆಂಗ? ಹೆಂಗ ಬಂದ್ರಿ? ಪುಟ ನೋಡಿದ್ರಾ?"

"ಎಲ್ಲಿ ಪುಟಾರಿ!" ಕಸ್ತೂರಿ ಇನ್ನೂ ಏದುಸಿರು ಬಿಡುತ್ತಿದ್ದಳು. "ಆ ಫೋನ್ ಬಂದ ಮ್ಯಾಲೆ ಮನಸ್ಸಿಗೆ ಹೆಂಗೋ ಆಗಿತ್ತು. ಎರಡು ಗಂಟೇಕ ಮತ್ತ ಪುಟ ತೆಗದ್ನಿ, ಬರೀ ಬಿಳಿ. ನಮ್ಮ ವೈನಿ ಪುಟ ಎಂದೂ ಬಿಳಿ ಆಗಿಲ್ಲ. ಎದಿ ಧಸಕ್ ಅಂತು. ಪುಟಾನ ಇಲ್ಲಂದ್ರ ಏನೋ ಆಗೈತಿ, ಏಳ್ರಿ ಏಳ್ರಿ ಅಂತ ಎಲ್ಲಾರನ್ನೂ ಎಬ್ಬಿಸಿದ್ನಿ. ಕಡೀ ಹರಗೋಲು ದಂಡಿ ಮುಟ್ಟೂದಕ್ಕ ನೀರು ಬಂತು ನೋಡ್ರಿ."

ವಾರಿಜಾ ಬರೆದ ಎಚ್ಚರಿಕೆ ಒಬ್ಬರನ್ನೂ ಉಳಿಸಿರಲಿಲ್ಲ. ಮುರಿದುಬಿದ್ದ ಪುಟ ಉಳಿಸಿತ್ತು. ಮತ್ತೆ ನಿನ್ನೆಯ ಪುಟವೇ ತೆರೆದುಕೊಂಡಿದ್ದರೆ, ನಂಬಿ ಅಲ್ಲೇ ಕೂರುತ್ತಿದ್ದರು. ಹೊಳೆಯ ಮೇಲಿನ ಊರಿನಲ್ಲಿ ಪಂಪ್‌ಸೆಟ್ ಎತ್ತಲು ಹೊಳೆಗೆ ಇಳಿದಿದ್ದ ಇಬ್ಬರು ಅಣ್ಣತಮ್ಮಂದಿರು ಎರಡನೇ ಸಲ ಫೋನ್ ನೋಡಿರಲಿಲ್ಲ. ಅವರು ಸಿಗಲಿಲ್ಲ ಎಂಬ ಸುದ್ದಿ ಆಗಲೇ ಶಾಲೆಯ ಕಟ್ಟೆಗೆ ಬಂದಿತ್ತು. ಅವರ ಹೆಸರು ಕೇಳುವ ಧೈರ್ಯ ವಾರಿಜಾಳಿಗೆ ಬರಲಿಲ್ಲ.

ಬಿಲ್ವಾ ಕಂಬದ ಹತ್ತಿರ ಯಾರದೋ ಕಂಬಳಿ ಹೊದ್ದು ನಿಂತಿದ್ದಳು. ಓಡಿ ಬರಲಿಲ್ಲ. ವಾರಿಜಾ ಹೋಗಿ ಬಾಚಿ ತಬ್ಬಿಕೊಂಡಳು, ಹಣೆಗೆ, ಕೆನ್ನೆಗೆ ಮುತ್ತಿಟ್ಟಳು, ಅತ್ತಳು. ಮಗಳು ಗಟ್ಟಿಯಾಗಿ ನಿಂತೇ ಇದ್ದಳು.

"ಅವ್ವಾ, ಕಸ್ತೂರಿ ಅತ್ತಿ ಫೋನು ಸ್ಪೀಕರಿಗೆ ಹಾಕಿದ್ಲು," ಎಂದಳು ಸಣ್ಣ ದನಿಯಲ್ಲಿ. "ಮಾರಾಯ್ತಿ ಅಂದಿ ನೀನು. ಉಂಟು ಅಂದಿ. ಉಪ್ಪಿನಂಗಡಿ ಅಜ್ಜಿ ಜೋಡಿ ಫೋನಿನ್ಯಾಗ ಮಾತಾಡೂಮುಂದ ಅಂತೀಯಲ್ಲ, ಹಂಗ. ನೀನ ಅಂತ ನನಗ ಗೊತ್ತಾತು."

"ಗೊತ್ತಾತಾ? ಮತ್ತ ಅತ್ತಿಗೆ ಯಾಕ ಹೇಳ್ಲಿಲ್ಲ ಕೂಸ?"

ಬಿಲ್ವಾ ತಾಯಿಯ ಮುಖವನ್ನೇ ನೋಡಿದಳು. ಇದರಲ್ಲಿ ಕೇಳುವಂಥದ್ದೇನಿದೆ ಎಂದು ಆ ಮಗುವಿಗೆ ತಿಳಿಯಲಿಲ್ಲ.

"ನೀನ ಹೇಳಿದ್ದಿಯಲ್ಲ, ನನ್ನ ದನಿ ಕೇಳಿದ್ರೂ ನಂಬಬ್ಯಾಡ್ರಿ ಅಂತ. ಅದಕ್ಕ ನಾ ನಂಬಲಿಲ್ಲ."